ಅಮ್ಮನ ಅಕೌಂಟ್‌ನಿಂದ ದುಡ್ಡು ಹೋಗಿದೆ, ಕ್ಲರ್ಕ್ ಮೇಲೆ ಕೇಸ್ ಹಾಕ್ಬಹುದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರೋದು. ಅಮ್ಮನ ಎಸ್‌ಬಿ ಅಕೌಂಟ್‌ನಿಂದ 2023ರಿಂದ 2025ರವರೆಗೆ ಸ್ವಲ್ಪ ಸ್ವಲ್ಪವಾಗಿ ಎರಡೂವರೆ ಲಕ್ಷ ಹೋಗಿದೆ, ವಿತ್‌ಡ್ರಾವಲ್ ಸ್ಲಿಪ್ ತೆಗೆಸಿ ನೋಡಿದ್ರೆ ಸಹಿ ಅಮ್ಮಂದಲ್ಲ. ಆ ಬ್ಯಾಂಕಿನ ಕ್ಲರ್ಕ್ ನಮಗೆ ಪರಿಚಯದವನೇ, ಎಫ್‌ಡಿ ಮಾಡಿಕೊಡ್ತೀನಿ ಅಂತ ಮನೆಗೆ ಬಂದು 50 ಸಾವಿರ ಕ್ಯಾಶ್ ಕೂಡ ತಗೊಂಡು ಹೋಗಿದ್ದ, ಅದಕ್ಕೆ ರಸೀದಿ ಇಲ್ಲ. ಮ್ಯಾನೇಜರ್ ಕೇಳಿದ್ರೆ 'ಎರಡು ವರ್ಷ ಪಾಸ್‌ಬುಕ್ ಯಾಕೆ ನೋಡಿಲ್ಲ' ಅಂತ ನಮ್ಮನ್ನೇ ಬೈತಾರೆ. ಪೊಲೀಸರು 'ಬ್ಯಾಂಕೇ ಕಂಪ್ಲೇಂಟ್ ಕೊಡ್ಬೇಕು' ಅಂತಾರೆ. ಏನ್ ಮಾಡೋದು?

ಉತ್ತರ: ಪೊಲೀಸರು ಹೇಳಿದ್ದು ಸರಿಯಲ್ಲ. ಇಂಥ ಅಪರಾಧದ ಬಗ್ಗೆ ಯಾರು ಬೇಕಾದ್ರೂ ದೂರು ಕೊಡಬಹುದು, ಅದರಲ್ಲೂ ದುಡ್ಡು ಕಳಕೊಂಡಿರೋದು ನಿಮ್ಮಮ್ಮ. ಠಾಣೆಯಲ್ಲಿ ತಗೊಳ್ಳದಿದ್ರೆ ಅದೇ ದೂರನ್ನ ರಿಜಿಸ್ಟರ್ಡ್ ಪೋಸ್ಟಲ್ಲಿ ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ಕಳಿಸಿ, ಅಲ್ಲೂ ಏನೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗ್ಬಹುದು.

ಸೆಕ್ಷನ್ ವಿಷಯ. 2024ರ ಜುಲೈ 1ಕ್ಕೆ ಮುಂಚೆ ತೆಗೆದ ದುಡ್ಡಿಗೆ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ), ಆಮೇಲಿನದಕ್ಕೆ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ, ನಿಮ್ಮ ಕೇಸಲ್ಲಿ ಎರಡೂ ಬರುತ್ತೆ, ಹಾಗಾಗಿ ದೂರಲ್ಲಿ ಪ್ರತಿ ವಿತ್‌ಡ್ರಾವಲ್‌ನ ತಾರೀಖು ಬರೀಲೇಬೇಕು. ನಂಬಿಕೆದ್ರೋಹಕ್ಕೆ ಐಪಿಸಿ 409, ಹೊಸದ್ರಲ್ಲಿ 316(5). ಬ್ಯಾಂಕಿನವರು ಮಾಡಿದ್ರೆ ಜೀವಾವಧಿವರೆಗೂ ಶಿಕ್ಷೆ ಇದೆ. ಇದರ ಜೊತೆ ಫೋರ್ಜರಿ, ಚೀಟಿಂಗ್, ಸುಳ್ಳು ಲೆಕ್ಕ ಬರೆದಿದ್ದು, ಎಲ್ಲಾ ಸೇರಿಸಬಹುದು. ಆದರೆ ಸ್ಲಿಪ್ ಪಾಸ್ ಮಾಡಿದ ಆಫೀಸರ್ ಸಹಿ ಸರಿಯಾಗಿ ನೋಡಿಲ್ಲ ಅನ್ನೋದೊಂದೇ ಕಾರಣಕ್ಕೆ ಅವರು ಜೈಲಿಗೆ ಹೋಗಲ್ಲ, ಮೋಸದ ಉದ್ದೇಶ ಇತ್ತು ಅಂತ ತೋರಿಸ್ಬೇಕು. ಬರೀ ಅಜಾಗರೂಕತೆ ಅಂದ್ರೆ ಇಲಾಖಾ ವಿಚಾರಣೆವರೆಗೆ ಅಷ್ಟೇ. ಸಿಟ್ಟಲ್ಲಿ ಬ್ರಾಂಚಿನವರೆಲ್ಲರ ಹೆಸರೂ ಹಾಕಿದ್ರೆ ಕೇಸೇ ತೆಳ್ಳಗಾಗುತ್ತೆ.

ಈಗ ಪಾಸ್‌ಬುಕ್ ಮಾತು. ಮ್ಯಾನೇಜರ್‌ಗೆ 1987ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ, ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಶನ್. ಅಲ್ಲಿ ಕಂಪನಿಯ ಅಕೌಂಟೆಂಟೇ 42 ಚೆಕ್‌ಗಳಿಗೆ ಕಳ್ಳ ಸಹಿ ಹಾಕಿದ್ದ, ಕಂಪನಿಯವರು ವರ್ಷಗಟ್ಟಲೆ ಗಮನಿಸಿರಲಿಲ್ಲ. ಆದ್ರೂ ಕೋರ್ಟ್ ಹೇಳಿದ್ದು, ಗ್ರಾಹಕನ ಸಹಿ ಇಲ್ಲ ಅಂದ್ಮೇಲೆ ಬ್ಯಾಂಕಿಗೆ ದುಡ್ಡು ಕೊಡೋ ಅಧಿಕಾರವೇ ಇಲ್ಲ, ಪಾಸ್‌ಬುಕ್ ನೋಡಿಲ್ಲ ಅನ್ನೋದು ನೆಪ ಆಗಲ್ಲ ಅಂತ. ನಿಮ್ಮದು ಚೆಕ್ ಅಲ್ಲ ಸ್ಲಿಪ್, ಆದ್ರೂ ವಾದ ಅದೇ. ಹಾಗಾಗಿ ಎರಡೂವರೆ ಲಕ್ಷ ಬ್ಯಾಂಕನ್ನೇ ಕೇಳಿ, ಕ್ರಿಮಿನಲ್ ಕೇಸ್ ಮುಗೀಲಿ ಅಂತ ಕಾಯ್ತಾ ಕೂತ್ರೆ ನಿಮ್ಮಮ್ಮನಿಗೆ ದುಡ್ಡು ಸಿಗೋದು ಯಾವ ಕಾಲಕ್ಕೋ. ಬರವಣಿಗೆಯಲ್ಲಿ ದೂರು ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳ್ಳಿ, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹಾಕಿ, ಫೀಸ್ ಇಲ್ಲ. ಸ್ಲಿಪ್‌ಗಳ ಸರ್ಟಿಫೈಡ್ ಕಾಪಿ ಈಗಲೇ ಕೇಳಿ, ಒರಿಜಿನಲ್ ಭದ್ರವಾಗಿಡಿ ಅಂತ ಬ್ಯಾಂಕಿಗೆ ಪತ್ರ ಕೊಡಿ.

ಮನೇಲಿ ಕೊಟ್ಟ 50 ಸಾವಿರ ಮಾತ್ರ ಕಷ್ಟ. ಅದು ಕೌಂಟರ್‌ಗೆ ಬಂದೇ ಇಲ್ಲ. ಪರಿಚಯದ ನೌಕರನ ಕೈಗೆ ಕೊಟ್ಟ ದುಡ್ಡಿಗೆ ಬ್ಯಾಂಕ್ ಹೊಣೆಯಲ್ಲ ಅಂತ ಸ್ಟೇಟ್ ಬ್ಯಾಂಕ್ ವಿರುದ್ಧ ಶ್ಯಾಮಾ ದೇವಿ ಕೇಸಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನ ಅವನೊಬ್ಬನ ಮೇಲಿನ ಚೀಟಿಂಗ್ ದೂರಲ್ಲಿ ಸೇರಿಸಿ, ಅವನ ಜೊತೆಗಿನ ವಾಟ್ಸಾಪ್ ಚಾಟ್ ಇದ್ರೆ ಡಿಲೀಟ್ ಮಾಡ್ಬೇಡಿ, ಆ ಫೋನೂ ಬದಲಾಯಿಸ್ಬೇಡಿ.