ಕಮಿಷನ್ ಲೆಕ್ಕದಲ್ಲಿ ನಿದ್ದೆ ಕಳೆದುಕೊಂಡ ಬರಹಗಾರ್ತಿ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಗೃಹಿಣಿ, ವಯಸ್ಸು ನಲವತ್ತರ ಆಸುಪಾಸು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಶಿವಮೊಗ್ಗದ ನನ್ನ ಆಪ್ತಸಲಹೆಯ ಕೊಠಡಿಗೆ ಬಂದಾಗ ಅವರು ಹೇಳಿಕೊಂಡ ತೊಂದರೆ ನಿದ್ದೆಯದು. ನಡುರಾತ್ರಿ ಎಚ್ಚರವಾಗುತ್ತದೆ, ಎದ್ದು ಜಗಲಿಯ ಮೂಲೆಗೆ ಹೋಗಿ ನಿಲ್ಲುತ್ತಾರೆ. ಆ ಮನೆಯಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮಳೆಯ ಇರಚಲು ಹೊಡೆಯುತ್ತಿದ್ದರೂ ಅಲ್ಲೇ ನಿಂತು, ಅಂತರಜಾಲದಲ್ಲಿನ ತಮ್ಮ ಬರಹಗಳಿಂದ ಅಂದಿನ ಕಮಿಷನ್ ಎಷ್ಟು ಬಂತೆಂದು ನೋಡುತ್ತಾರೆ. ಸೊನ್ನೆ ಇದ್ದರೆ ಮತ್ತೆ ನಿದ್ದೆ ಇಲ್ಲ. ಏನಾದರೂ ಬಂದಿದ್ದರೆ, ನಾಳೆ ಬಾರದಿದ್ದರೆ ಎಂಬ ಚಿಂತೆ. ವೈದ್ಯರು ಥೈರಾಯ್ಡ್, ರಕ್ತದೊತ್ತಡ ಎಲ್ಲ ಪರೀಕ್ಷಿಸಿ ದೋಷವಿಲ್ಲ ಎಂದ ಮೇಲೆ ನನ್ನಲ್ಲಿಗೆ ಕಳುಹಿಸಿದ್ದರು.

ಇವರಿಗೆ ಹಕ್ಕಿಗಳ ಹುಚ್ಚು. ತವರು ಮಂಡಗದ್ದೆಯ ಹತ್ತಿರ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳನ್ನು ನೋಡುತ್ತ ಬೆಳೆದವರು. ಮದುವೆಯಾಗಿ ಬಂದ ಮನೆಯ ಹಿಂದಿನ ಕಾಡಿನಲ್ಲಿ ಮಂಗಟ್ಟೆ ಕಂಡದ್ದನ್ನು ಕನ್ನಡದಲ್ಲಿ ಬರೆದು ಅಂತರಜಾಲದಲ್ಲಿ ಹಾಕತೊಡಗಿದರು. ಓದುಗರು ಸೇರಿದರು. ಯಾವ ದುರ್ಬೀನು ಕೊಳ್ಳಲಿ ಎಂದು ಕೇಳತೊಡಗಿದರು. ಆಗ ಯಾರೋ ಅಫಿಲಿಯೇಟ್ ದಾರಿ ತೋರಿಸಿದರು. ಬರಹದಲ್ಲಿ ವಸ್ತುವಿನ ಕೊಂಡಿ ಕೊಡುವುದು, ಅದನ್ನು ಒತ್ತಿ ಹೋದವರು ಏನಾದರೂ ಕೊಂಡರೆ ಬೆಲೆಯಲ್ಲಿ ಸಣ್ಣದೊಂದು ಪಾಲು ಬರೆದವರಿಗೆ. ಅಮೆಜಾನ್ 1996ರಿಂದಲೇ ಇಂಥದ್ದೊಂದು ಯೋಜನೆ ನಡೆಸುತ್ತಿದೆ. ಓದುಗ ಹೆಚ್ಚು ಕೊಡಬೇಕಿಲ್ಲ, ಬರೆದವರಿಗೆ ನಾಲ್ಕು ಕಾಸು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಅವರಿಗೆ ಮೊದಲ ದಿನವೇ ಹೇಳಿದೆ. ತನ್ನ ಪ್ರೀತಿಯನ್ನೇ ಮಾರಿಕೊಂಡೆ ಎಂಬ ಅಳುಕು ಅವರಲ್ಲಿ ಆಳವಾಗಿತ್ತು.

ಅಳುಕಿಗೆ ಕಾರಣವೂ ಇತ್ತು. ದುರ್ಬೀನು ಕೊಳ್ಳುವವರು ಎಷ್ಟು ಜನ? ಅಡುಗೆಮನೆಯ ಸಾಮಾನು ಹೆಚ್ಚು ಹೋಗುತ್ತದೆ ಎಂದು ಗೊತ್ತಾದ ಮೇಲೆ ಇವರು ಮಿಕ್ಸರ್, ಕುಕ್ಕರ್, ಇಂಡಕ್ಷನ್ ಒಲೆಗಳ ಬಗ್ಗೆ ಬರೆದರು. ಒಂದನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ; ಬೇರೆಯವರು ಬರೆದ ಅಭಿಪ್ರಾಯಗಳನ್ನು ಹೊಂದಿಸಿ ಬರೆದದ್ದು. ಅತ್ತಿಗೆಯ ಮಾತು ನಂಬಿ ನಾದಿನಿ ಒಂದು ಮಿಕ್ಸರ್ ತರಿಸಿದಳು. ಅದು ಬಂದ ವಾರದಲ್ಲೇ ಸುಟ್ಟು ಹಿಂದಕ್ಕೆ ಹೋಯಿತು. ವಸ್ತು ಹಿಂದಕ್ಕೆ ಹೋದರೆ ಕಮಿಷನ್ನೂ ಹೋಗುತ್ತದೆ. ನಾದಿನಿ ಏನೂ ಆಡಲಿಲ್ಲವಂತೆ. ಅದೇ ಇವರನ್ನು ಹೆಚ್ಚು ಸುಟ್ಟಿತು.

ಎರಡನೆಯ ಭೇಟಿಗೆ ದುರ್ಬೀನನ್ನು ತನ್ನಿ ಎಂದಿದ್ದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬಂತು, ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು. "ಹೀಗೆ ಇಡದಿದ್ದರೆ ನಮ್ಮ ಕಡೆ ಒಂದೇ ಮಳೆಗಾಲಕ್ಕೆ ಗಾಜಿನ ಒಳಗೆ ಬೂಷ್ಟು ಹಿಡಿಯುತ್ತದೆ ಮೇಡಂ" ಎಂದರು. ಮೈಮೇಲೆ 8x42 ಎಂದು ಬರೆದಿತ್ತು. ಏನು ಹಾಗೆಂದರೆ ಎಂದು ಕೇಳಿದೆ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ ನಲವತ್ತೆರಡು ಮಿಲಿಮೀಟರ್, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ, ಐದು ಮಿಲಿಮೀಟರ್ ಚಿಲ್ಲರೆ. ಆಗುಂಬೆಯ ಕತ್ತಲು ಕಾಡಿನಲ್ಲಿ ಅಷ್ಟು ಬೆಳಕು ಬೇಕೇ ಬೇಕು. ಹತ್ತು ಪಟ್ಟಿನದು ಕೊಂಡರೆ ಕೈ ನಡುಗಿದಷ್ಟೂ ಹಕ್ಕಿ ನಡುಗುತ್ತದೆ, ಒಂದು ಕೈಯಲ್ಲಿ ಕೊಡೆ ಹಿಡಿದವರಿಗೆ ಅದು ಹೇಳಿದ್ದಲ್ಲ. ಇಷ್ಟನ್ನೂ ತಡೆಯಿಲ್ಲದೆ ಹೇಳಿದರು. ಬೆನ್ನು ನೆಟ್ಟಗಾಗಿತ್ತು, ದನಿ ಬದಲಾಗಿತ್ತು. ಇದನ್ನೆಲ್ಲ ಬರೆದಿದ್ದೀರಾ ಎಂದೆ. ಮೊದಲು ಬರೆಯುತ್ತಿದ್ದೆ, ಈಗ ವರ್ಷವಾಯಿತು ಕಾಡಿಗೇ ಹೋಗಿಲ್ಲ ಎಂದರು.

ಕಮಿಷನ್ ಯಾಕೆ ಅಷ್ಟು ಬೇಕಾಗಿತ್ತು ಎಂಬುದಕ್ಕೆ ಉತ್ತರ ಬರಲು ಸಮಯ ಹಿಡಿಯಿತು. ಅಡಿಕೆ ಮನೆಗಳಲ್ಲಿ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ. ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ಮುಗಿದು ಮಂಡಿಗೆ ಹೋದ ಮೇಲೆ ಒಟ್ಟಿಗೆ ಬರುತ್ತದೆ, ಮಾವನವರ ಕೈ ಸೇರುತ್ತದೆ. ಸುಲಿತದ ದಿನಗಳಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತ ಸೊಸೆ ಒಂದು ಪುಸ್ತಕಕ್ಕೂ ಕೇಳಿ ಪಡೆಯಬೇಕು. ಇವರಿಗೆ ಬೇಕಾಗಿದ್ದದ್ದು ಕೇಳದೆ ಖರ್ಚು ಮಾಡಬಹುದಾದ ಹಣ. ಅದು ನ್ಯಾಯವಾದ ಆಸೆ. ಅಷ್ಟು ದೊಡ್ಡ ಆಸೆಯನ್ನು ಮೊಬೈಲ್ ಪರದೆಯ ಒಂದು ಅಂಕಿಯ ಮೇಲೆ ಹೇರಿದ್ದರಿಂದಲೇ ನಿದ್ದೆ ಕೆಟ್ಟಿತು ಎಂದು ನನ್ನ ತೀರ್ಮಾನ.

ಹಣ ಯಾವ ಖಾತೆಗೆ ಬರುತ್ತದೆ ಎಂದು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನೋಂದಣಿಯ ದಿನ ಕೈಗೆ ಸಿಕ್ಕ ಪಾನ್ ಕಾರ್ಡು, ಪಾಸ್‌ಬುಕ್ಕು ಗಂಡನವು. ಈಕೆ ದುಡಿದ ಹಣ ಗಂಡನ ಖಾತೆಯಲ್ಲಿ ಬೆರೆತು ಹೋಗುತ್ತಿತ್ತು. ಆತನಿಗೆ ಗೊತ್ತೇ ಇರಲಿಲ್ಲ, ಈಕೆ ಹೇಳಿಯೂ ಇರಲಿಲ್ಲ. ಮೂರನೆಯ ಭೇಟಿಗೆ ಇಬ್ಬರನ್ನೂ ಕರೆಸಿದೆ. ಆತ ಕೆಟ್ಟವರಲ್ಲ. "ಇವಳು ರಾತ್ರಿ ಎದ್ದು ಯಾರ ಹತ್ತಿರ ಮಾತನಾಡುತ್ತಾಳೋ ಎಂದುಕೊಂಡಿದ್ದೆ" ಎಂದರು. ಆ ಮಾತಿಗೆ ಈಕೆ ಅತ್ತರು. ಅಳು ನಿಲ್ಲುವವರೆಗೆ ನಾವಿಬ್ಬರೂ ಸುಮ್ಮನಿದ್ದೆವು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅದೇ: ಸ್ವಂತ ಪಾನ್, ಸ್ವಂತ ಬ್ಯಾಂಕ್ ಖಾತೆ, ಹೊಸದಾಗಿ ಸ್ವಂತ ಹೆಸರಿನಲ್ಲಿ ನೋಂದಣಿ. ಕಮಿಷನ್ ಮೇಲೆ ತೆರಿಗೆ ಮುರಿದುಕೊಂಡಿದ್ದರೆ, ವರ್ಷದ ಆದಾಯ ತೆರಿಗೆಗೆ ಬರದಷ್ಟು ಕಡಿಮೆಯಿರುವವರು ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಗಂಡನೇ ಲೆಕ್ಕಪರಿಶೋಧಕರ ಬಳಿ ಕರೆದುಕೊಂಡು ಹೋಗುತ್ತೇನೆಂದರು.

ಕಮಿಷನ್ ಪುಟವನ್ನು ವಾರಕ್ಕೊಂದು ಸಲ, ಭಾನುವಾರ ಹಗಲಿನಲ್ಲಿ, ಪಕ್ಕದಲ್ಲಿ ಗಂಡನಿರುವಾಗ ಮಾತ್ರ ತೆರೆಯಬೇಕು. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ. ದಿನದಿನದ ಅಂಕಿಗೆ ಅರ್ಥವೂ ಇಲ್ಲ. ಅಮೆಜಾನ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಕೊಂಡಿ ಒತ್ತಿದ 24 ಗಂಟೆಯೊಳಗಿನ ಖರೀದಿಯಷ್ಟೇ ಲೆಕ್ಕಕ್ಕೆ, ಹಣ ಕೈಗೆ ಬರುವುದು ತಿಂಗಳು ಮುಗಿದು ಸುಮಾರು ಅರವತ್ತು ದಿನಗಳಿಗೆ. "ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವವರು ನಾವು, ಇದಕ್ಕೆ ಎರಡು ತಿಂಗಳು ಕಾಯಬಾರದೇ" ಎಂದು ಗಂಡ ಹೇಳಿದ್ದು ನನ್ನ ಮಾತಿಗಿಂತ ಹೆಚ್ಚು ನಾಟಿತು.

ಕೈಯಲ್ಲಿ ಹಿಡಿದು ಬಳಸದ ವಸ್ತುವಿನ ಬಗ್ಗೆ ಇನ್ನು ಬರೆಯಬಾರದು ಎಂದು ಗಟ್ಟಿಯಾಗಿಯೇ ಹೇಳಿದೆ. ಮಿಕ್ಸರ್ ಬರಹಗಳನ್ನು ತೆಗೆಯಲು ಒಪ್ಪಿಕೊಂಡರು. ಕೊಂಡಿಯಿರುವ ಪ್ರತಿ ಬರಹದ ತಲೆಯಲ್ಲೇ "ಈ ಕೊಂಡಿಯಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ" ಎಂದು ಬರೆಯಲು ಹೇಳಿದೆ. ಇಂಥ ಸಂಬಂಧವನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ನನಗೆ ಮುಖ್ಯವಾದದ್ದು ಅವರ ಎದೆಯ ಭಾರ. ಮುಚ್ಚಿಟ್ಟದ್ದರಿಂದಲೇ ಅಳುಕು ಬೆಳೆದಿತ್ತು. ನಾದಿನಿಗೂ ಫೋನು ಮಾಡಿ ನಡೆದದ್ದನ್ನು ಹೇಳಿದರು.

ಹೊರಡುವಾಗ ಇನ್ನೊಂದು ವಿಷಯ ತೆಗೆದರು. ತಿಂಗಳಿಗೆ ಐವತ್ತು ಸಾವಿರ ಗಳಿಸುವುದನ್ನು ಕಲಿಸುತ್ತೇವೆಂದು ಒಬ್ಬರು ಕರೆ ಮಾಡಿದ್ದರಂತೆ, ಶುಲ್ಕಕ್ಕೆ ಬಳೆ ಅಡವಿಡುವ ಯೋಚನೆಯಿತ್ತಂತೆ. ಬೇಡವೇ ಬೇಡ ಎಂದೆ. ಅಮೆಜಾನ್‌ನಂಥ ಕಡೆ ಸೇರಲು ಶುಲ್ಕವೇ ಇಲ್ಲ, ಬರೆಯುವ ವಿದ್ಯೆ ಇವರಲ್ಲಿ ಆಗಲೇ ಇದೆ. ಮನೆಯ ಆದಾಯದಲ್ಲಿ ಸೊಸೆಗೆ ತಿಂಗಳಿಗಿಷ್ಟು ಎಂದು ಎತ್ತಿಡುವ ಮಾತನ್ನು ಮಾವನವರ ಮುಂದೆ ಗಂಡನೇ ಆಡಬೇಕೆಂದೂ ಕೇಳಿಕೊಂಡೆ, ಆತ ತಲೆಯಾಡಿಸಿದರು.

ಈಗ ನಿದ್ದೆ ಬಹುಮಟ್ಟಿಗೆ ಸರಿಯಾಗಿದೆ. ಕಮಿಷನ್ ಮೊದಲಿಗಿಂತ ಕಡಿಮೆ ಬರುತ್ತಿದೆ, ಆದರೆ ಅವರದೇ ಖಾತೆಗೆ. ಮಳೆಗಾಲದಲ್ಲಿ ದುರ್ಬೀನನ್ನು ಕಾಪಾಡುವ ಬಗೆಯನ್ನು ಬರೆದು ನನಗೂ ಕಳುಹಿಸಿದ್ದರು. ಮಾವನವರೊಡನೆ ಮಾತು ಇನ್ನೂ ಆಗಿಲ್ಲ. ಅದಕ್ಕಾಗಿ ಸುಲಿತ ಮುಗಿದ ಮೇಲೆ ಗಂಡ ಹೆಂಡತಿ ಮತ್ತೊಮ್ಮೆ ಬರುವುದೆಂದಾಗಿದೆ.