'ಮುಂದಿನ ಸಂಖ್ಯೆ ಯಾವುದು' ಎಂದು ಶ್ರೇಢಿ ಪಾಠ ಶುರು ಮಾಡಬೇಡಿ

ಹತ್ತನೇ ತರಗತಿಗೆ ಅನುಕ್ರಮ, ಶ್ರೇಢಿ (ಒಂದು ನಿಯಮದಂತೆ ಸಾಗುವ ಸಂಖ್ಯೆಗಳ ಸಾಲು) ಪಾಠವನ್ನು 'ಮುಂದಿನ ಸಂಖ್ಯೆ ಯಾವುದು' ಆಟದಿಂದ ಶುರು ಮಾಡಲೋ, ಫಿಬೊನಾಚಿ ಸಂಖ್ಯೆಗಳು (1, 1, 2, 3, 5, 8, ಹಿಂದಿನ ಎರಡನ್ನು ಕೂಡಿದರೆ ಮುಂದಿನದು) ಮತ್ತು ಅವು ಕಾಣುವ ಸೂರ್ಯಕಾಂತಿ ಹೂವಿನಿಂದಲೋ, ಮಕ್ಕಳಿಗೆ ಯಾವುದು ಜಾಸ್ತಿ ಇಷ್ಟವಾಗುತ್ತದೆ ಅಂತ ಕೇಳಿದ್ದೀರಿ. ನಾನು ಆಟದಿಂದಲೇ ಶುರು ಮಾಡಿದ್ದೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಕನ್ನಡ ಮಾಧ್ಯಮ, ಮಧ್ಯಾಹ್ನದ ಊಟ ಮುಗಿದ ತಕ್ಷಣದ ಪೀರಿಯಡ್. ಮಕ್ಕಳು ತೂಕಡಿಸಬಾರದು ಅಂತ ಪುಸ್ತಕ ತೆರೆಯದೆ ಬೋರ್ಡಿನ ಮೇಲೆ 1, 2, 4 ಎಂದು ಬರೆದೆ. ಮುಂದಿನದು ಯಾವುದು? ಇಡೀ ಕ್ಲಾಸು "ಎಂಟು" ಅಂತ ಕೂಗಿತು. ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗನೊಬ್ಬ "ಏಳು" ಅಂದ. "ತಪ್ಪು, ಸರಿಯಾಗಿ ನೋಡು" ಅಂದೆ. ಉಳಿದವರು ನಕ್ಕರು. ಅವನು ಕೂತುಕೊಂಡ. ನಾನು ಮುಂದಿನ ಲೆಕ್ಕಕ್ಕೆ ಹೋದೆ.

ಮೂರು ವಾರ ಆದ ಮೇಲೆ ನೋಟ್‌ಬುಕ್ ತಿದ್ದುವಾಗ ಅವನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಕಂಡಿತು: 1, 2, 4, 7, 11, 16. ಕೆಳಗೆ, ಒಂದೊಂದು ಸಂದಿನಲ್ಲಿ, 1 ಕೂಡು, 2 ಕೂಡು, 3 ಕೂಡು, 4 ಕೂಡು, 5 ಕೂಡು. ಅವನು ಹೇಳಿದ್ದು ಪೂರ್ತಿ ಸರಿ ಇತ್ತು. ನಾನೇ ತಪ್ಪು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೇ ಇದು ಅರ್ಥವಾಗಲು ಒಂದು ವರ್ಷ ಹಿಡಿಯಿತು. ಮೂರು ಸಂಖ್ಯೆ ನೋಡಿ ನಾಲ್ಕನೆಯದು ಇಂಥದ್ದೇ ಅಂತ ಹೇಳಲು ಗಣಿತದಲ್ಲಿ ಯಾವ ಆಧಾರವೂ ಇಲ್ಲ. ದುಪ್ಪಟ್ಟು ಮಾಡುತ್ತಾ ಹೋದರೆ 8. ಒಂದು ಚಪಾತಿಯನ್ನು ನೇರ ಗೆರೆಗಳಲ್ಲಿ ಕತ್ತರಿಸಿ, ಸಾಧ್ಯವಾದಷ್ಟು ಜಾಸ್ತಿ ತುಂಡು ಬರುವ ಹಾಗೆ. ಕತ್ತರಿಸದೆ ಇದ್ದರೆ 1, ಒಂದು ಗೆರೆಗೆ 2, ಎರಡಕ್ಕೆ 4, ಮೂರಕ್ಕೆ 7. ಆ ಹುಡುಗನ ಅನುಕ್ರಮ ಚಪಾತಿಯಲ್ಲೇ ಇದೆ. ನಿಯಮ ಹೇಳದೆ ಮುಂದಿನ ಸಂಖ್ಯೆ ಕೇಳಿದರೆ ನಾವು ಕೇಳುತ್ತಿರುವುದು ಗಣಿತವನ್ನಲ್ಲ, ಟೀಚರ್ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು. ಮಕ್ಕಳು ಬೇಗ ಕಲಿಯುತ್ತಾರೆ, ಇದನ್ನೂ ಬೇಗ ಕಲಿತರು. ಒಂದು ಹುಡುಗಿ ಎದ್ದು ನಿಂತು, "ಮಿಸ್, ನೀವು ಯಾವುದನ್ನ ಅಂದ್ಕೊಂಡಿದ್ದೀರಿ?" ಅಂತ ಕೇಳಿದಳು. ನಾನು ಕಲಿಸಿದ್ದನ್ನು ಅವಳು ಚೆನ್ನಾಗಿಯೇ ಹಿಡಿದಿದ್ದಳು.

ಅದರ ಬೆಲೆ ಕಿರುಪರೀಕ್ಷೆಯಲ್ಲಿ ಗೊತ್ತಾಯಿತು. 3, 6, 9, 13 ಇದು ಸಮಾಂತರ ಶ್ರೇಢಿಯೇ, ಅಂದರೆ ಪ್ರತಿ ಸಲ ಒಂದೇ ವ್ಯತ್ಯಾಸ ಕೂಡುತ್ತಾ ಹೋಗುವ ಸಾಲೇ, ಕಾರಣ ಕೊಡಿ ಎಂದು ಕೇಳಿದ್ದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 'ಹೌದು, ಸಾಮಾನ್ಯ ವ್ಯತ್ಯಾಸ 3' ಎಂದು ಬರೆದರು. 13ನ್ನು ನೋಡಲೇ ಇಲ್ಲ. ಯಾಕೆ ನೋಡಬೇಕು? ಮೊದಲ ಎರಡು ಮೂರು ಸಂಖ್ಯೆ ನೋಡಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ ಅಂತ ನಾನೇ ಮೊದಲ ದಿನ ಆಟ ಆಡಿಸಿದ್ದೆನಲ್ಲ. ಆ ಅಭ್ಯಾಸ ಬಿಡಿಸಲು ನವೆಂಬರ್‌ವರೆಗೆ ಹೆಣಗಿದೆ. ಕಿಟಕಿ ಪಕ್ಕದ ಹುಡುಗ ಆ ವರ್ಷ ಮತ್ತೆ ಉತ್ತರ ಹೇಳಲು ಕೈ ಎತ್ತಲಿಲ್ಲ. ನೋಟ್‌ಬುಕ್ ನೋಡಿದ ಮರುದಿನ ಎಲ್ಲರ ಮುಂದೆ "ನೀನು ಹೇಳಿದ್ದು ಸರಿ ಇತ್ತು ಕಣೋ" ಅಂದೆ. ತಲೆ ಆಡಿಸಿದ, ಅಷ್ಟೇ.

ಹಾಗಾಗಿ ಯಾವುದು ಜಾಸ್ತಿ ಇಷ್ಟವಾಗುತ್ತದೆ ಅನ್ನುವುದನ್ನು ಪಕ್ಕಕ್ಕಿಡಿ. ಸಂಖ್ಯೆ ಎಲ್ಲಿಂದ ಹುಟ್ಟುತ್ತಿದೆ ಅಂತ ಕಣ್ಣಿಗೆ ಕಾಣುವ ವಸ್ತುವಿನಿಂದ ಶುರು ಮಾಡಿ. ನಾನು ಈಗ ರಂಗೋಲಿಯಿಂದ ಶುರು ಮಾಡುತ್ತೇನೆ. ಒಬ್ಬರಿಗೆ ಸೀಮೆಸುಣ್ಣ ಕೊಟ್ಟು, 15ರಿಂದ 8, ಸಂದು ಚುಕ್ಕಿ ಇಡು ಅನ್ನುತ್ತೇನೆ. ಯಾವ ಕ್ಲಾಸಿನಲ್ಲೂ ಇದು ಗೊತ್ತಿರುವ ನಾಲ್ಕು ಜನ ಇದ್ದೇ ಇರುತ್ತಾರೆ. ನಡುವೆ 15 ಚುಕ್ಕಿಯ ಸಾಲು. ಸಂದಿನಲ್ಲಿ ಇಡುವುದರಿಂದ ಮೇಲಿನ ಸಾಲಿಗೆ 14, ಅದರ ಮೇಲೆ 13, ಹೀಗೆ 8ರವರೆಗೆ. ಕೆಳಗೂ ಹಾಗೆಯೇ. ಇಲ್ಲಿ ಮುಂದಿನ ಸಾಲಿಗೆ ಎಷ್ಟು ಅಂತ ಊಹಿಸುವ ಮಾತೇ ಇಲ್ಲ. 15 ಚುಕ್ಕಿಯ ನಡುವೆ ಇರುವುದೇ 14 ಸಂದು.

ಈಗ ಕೇಳಿ: 15ನ್ನೂ ಸೇರಿಸಿ 8ರವರೆಗೆ ಎಷ್ಟು ಸಾಲು? ಕೆಲವರು 7 ಅನ್ನುತ್ತಾರೆ, ಕೆಲವರು 8. ಜಗಳ ಆಡಲು ಬಿಡಿ. ಸಾಲು 8, ಇಳಿದ ಮೆಟ್ಟಿಲು 7. ಎಂಟನೇ ಸಾಲು ಬೇಕಾದರೆ 15ರಿಂದ ಏಳು ಸಲ ಒಂದೊಂದು ಕಳೆಯಬೇಕು. ಎಷ್ಟನೇ ಸಂಖ್ಯೆ ಬೇಕೋ ಅದನ್ನು ಹುಡುಕುವ ಸೂತ್ರದಲ್ಲಿ 'ಎನ್ ಮೈನಸ್ ಒನ್' ಯಾಕೆ ಬಂತು ಅಂತ ನಾನು ಆಮೇಲೆ ಬೇರೆ ಹೇಳಬೇಕಾಗಿಲ್ಲ. ಸೂತ್ರ ಬಾಯಿಪಾಠ ಮಾಡಿದ ಮಕ್ಕಳು ಎಡವುವುದು ಜಾಸ್ತಿ ಇಲ್ಲೇ.

ಒಟ್ಟು ಚುಕ್ಕಿ ಎಷ್ಟು? ಒಂದೊಂದೇ ಎಣಿಸಲು ಹೊರಟವರನ್ನು ತಡೆಯಬೇಡಿ. ಸ್ವಲ್ಪ ಹೊತ್ತಿನ ಮೇಲೆ ಮೇಲ್ಭಾಗದ 14ರ ಸಾಲಿನ ಮೇಲೆ ಒಂದು ಬೆರಳು, ಕೆಳಭಾಗದ ಕೊನೆಯ 8ರ ಸಾಲಿನ ಮೇಲೆ ಇನ್ನೊಂದು ಬೆರಳು ಇಡಿ. 22. ಮೇಲಿನ 13, ಕೆಳಗಿನ 9, ಮತ್ತೆ 22. ಇಂಥ ಜೋಡಿ ಏಳು, ಅಂದರೆ 154. ನಡುವಿನ 15 ಸೇರಿಸಿದರೆ 169. ಮೇಲಿನ ಭಾಗದ ಮೊತ್ತ ಮಾತ್ರ ಬೇಕಾದರೆ 154ರ ಅರ್ಧ, 77. ಮೊದಲ ಪದ (ಅಂದರೆ ಸಾಲಿನ ಮೊದಲ ಸಂಖ್ಯೆ), ಕೊನೆಯ ಪದ ಕೂಡಿಸಿ, ಪದಗಳ ಸಂಖ್ಯೆಯಿಂದ ಗುಣಿಸಿ, ಅರ್ಧ ಮಾಡುವುದು ಇಷ್ಟೇ. ಆರ್ಯಭಟ 499ರಲ್ಲಿ ಬರೆದ ಆರ್ಯಭಟೀಯದಲ್ಲಿ ಈ ವಿಧಾನ ಇದೆ ಅಂತ ಆಗ ಹೇಳಿ. ಮೊದಲೇ ಹೇಳಿದರೆ ಅದು ಇತಿಹಾಸದ ಒಂದು ಇಸವಿ ಆಗಿ ಉಳಿಯುತ್ತದೆ.

ಅನುಕ್ರಮಕ್ಕೂ ಶ್ರೇಣಿಗೂ (ಶ್ರೇಢಿ ಅಲ್ಲ, ಪದಗಳನ್ನು ಕೂಡಿಸಿದ್ದು) ಏನು ವ್ಯತ್ಯಾಸ ಅನ್ನುವುದಕ್ಕೆ ಪುಸ್ತಕದ ಬಾವಿ ತೋಡುವ ಲೆಕ್ಕಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೊದಲ ಮೀಟರಿಗೆ 150 ರೂಪಾಯಿ, ಮುಂದಿನ ಪ್ರತಿ ಮೀಟರಿಗೆ 50 ಜಾಸ್ತಿ. ಆಳಕ್ಕೆ ಹೋದಷ್ಟೂ ಮಣ್ಣು ಮೇಲೆ ತರುವುದು ಕಷ್ಟ, ಅದಕ್ಕೇ ಕೂಲಿ ಏರುತ್ತದೆ, ಮಕ್ಕಳಿಗೆ ಇದು ತಕ್ಷಣ ಒಪ್ಪುತ್ತದೆ. 150, 200, 250 ಅನ್ನುವುದು ಒಂದೊಂದು ಮೀಟರಿನ ದರ, ಅದು ಅನುಕ್ರಮ. ಹತ್ತನೇ ಮೀಟರಿಗೆ 600. ಆದರೆ ಬಾವಿ ತೋಡಿದವರು 600 ತೆಗೆದುಕೊಂಡು ಹೋಗುತ್ತಾರಾ? ಕೂಡಿಸಿ 3750 ಕೇಳುತ್ತಾರೆ. ಆ ಕೂಡಿಸುವುದೇ ಶ್ರೇಣಿ. ಪರೀಕ್ಷೆಯಲ್ಲಿ 600 ಬರೆಯಬೇಕಾದಲ್ಲಿ 3750 ಬರೆಯುವ ತಪ್ಪು ಇದರಿಂದ ತುಂಬಾ ಕಮ್ಮಿಯಾಗುತ್ತದೆ.

ಫಿಬೊನಾಚಿ ಸದ್ಯಕ್ಕೆ ಬೇಡ. ಹೂವಿನ ಚಿತ್ರ ನೋಡಿ ಮಕ್ಕಳು ಖುಷಿ ಪಡುತ್ತಾರೆ, ನಿಜ. ಆದರೆ ಅಲ್ಲಿ ಹಿಂದಿನ ಎರಡು ಪದ ಕೂಡಿಸಬೇಕು, ನಿಮ್ಮ ಪಾಠದಲ್ಲಿ ಒಂದೇ ವ್ಯತ್ಯಾಸ ಕೂಡಿಸಬೇಕು. ಎರಡನ್ನೂ ಒಂದೇ ವಾರದಲ್ಲಿ ತುರುಕಿದರೆ ಎರಡೂ ಕಲಸಿಹೋಗುತ್ತವೆ. ಸೂತ್ರವನ್ನು ನಾಲ್ಕನೇ ದಿನಕ್ಕೆ ಮುಂಚೆ ಬೋರ್ಡಿನ ಮೇಲೆ ಬರೆಯಬೇಡಿ. ಸಿಲಬಸ್ ಮುಗಿಯುವುದಿಲ್ಲ ಅಂತ ಹೆದರಿಕೆ ಇರುತ್ತದೆ, ನನಗೂ ಇತ್ತು. ಮುಗಿಯುತ್ತದೆ.

'ಮುಂದಿನ ಸಂಖ್ಯೆ' ಆಟವನ್ನು ಆಡಿಸಲೇಬೇಕು ಅನ್ನಿಸಿದರೆ ಪಾಠದ ಕೊನೆಯ ದಿನ ಆಡಿಸಿ, ಅದೂ ಹೀಗೆ. ವೃತ್ತದ ಅಂಚಿನಲ್ಲಿ ಚುಕ್ಕಿ ಇಟ್ಟು, ಪ್ರತಿ ಎರಡು ಚುಕ್ಕಿಯನ್ನೂ ಗೆರೆಯಿಂದ ಸೇರಿಸಿ, ಒಳಗೆ ಎಷ್ಟು ಭಾಗ ಆಯಿತು ಅಂತ ಎಣಿಸಲು ಹೇಳಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ ಎಲ್ಲರೂ 32 ಅನ್ನುತ್ತಾರೆ. ಎಣಿಸಿದರೆ 31. ಪದೇ ಪದೇ ಎಣಿಸುತ್ತಾರೆ, ಬಿಡಿ, ಎಣಿಸಲಿ. ಒಂದು ಎಚ್ಚರ: ಆರು ಚುಕ್ಕಿಗಳನ್ನು ಸಮ ಅಂತರದಲ್ಲಿ ಇಡಲು ಬಿಡಬೇಡಿ. ಹಾಗೆ ಇಟ್ಟರೆ ಮೂರು ಗೆರೆ ನಡುವೆ ಒಂದೇ ಕಡೆ ಸೇರಿ ಒಂದು ಭಾಗ ಮುಚ್ಚಿಹೋಗುತ್ತದೆ, ಎಣಿಕೆ 30ಕ್ಕೆ ನಿಲ್ಲುತ್ತದೆ. ಯಾರಾದರೂ ಎದ್ದು 30 ಅಂದರೆ ತಪ್ಪು ಅನ್ನಬೇಡಿ, ಅವರ ಚಿತ್ರ ನೋಡಿ.