ಶಾಲು ಹೊದಿಸಿದ ಮೇಲೆ ಏನು?

ಪ್ರಶ್ನೆ: ನಾವು ಹನ್ನೊಂದು ಮಂದಿ ಯುವಕ ಯುವತಿಯರು; ಹೆಚ್ಚಿನವರು ನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸದಲ್ಲಿದ್ದೇವೆ. ಕಳೆದ ಅಕ್ಟೋಬರ್ 1ರಂದು, ಹಿರಿಯ ನಾಗರಿಕರ ದಿನವೆಂದು, ಊರಿನ ಏಳು ಮಂದಿ ಹಿರಿಯರಿಗೆ ಶಾಲು ಹೊದಿಸಿ ಸನ್ಮಾನಿಸಿದೆವು. ಅನಂತರ ಭಾನುವಾರಗಳಂದು ಅವರೊಡನೆ ಕೂರೋಣವೆಂದರೆ ಎರಡನೆಯ ವಾರಕ್ಕೇ ಮಾತು ಮುಗಿದುಹೋಯಿತು. ‘ನಿಮಗೆ ಮೊಬೈಲ್ ಒಂದಿದ್ದರೆ ಸಾಕು’ ಎನ್ನುತ್ತಾರೆ. ಮುಂದುವರಿಸುವುದು ಹೇಗೆ?
– ಓದುಗರೊಬ್ಬರು, ಕೋಲಾರ ತಾಲ್ಲೂಕು

ಉತ್ತರ: ಮಾತು ಮುಗಿದದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತವರು ಆಶೀರ್ವಾದ ಮಾಡಬಹುದೇ ಹೊರತು, ‘ನೀವು ಮಾಡುತ್ತಿರುವುದು ಸರಿಯಿಲ್ಲ’ ಎಂದು ಹೇಳುವಂತಿಲ್ಲ. ನೀವೂ ಅವರಿಂದ ಏನನ್ನೂ ಕೇಳಿದಂತಿಲ್ಲ. ಕೆಲಸವಿಲ್ಲದೆ ಎದುರುಬದುರು ಕೂತರೆ ಒಂದೇ ಮನೆಯ ಅಪ್ಪ ಮಗನಿಗೂ ಮಾತು ಸಾಲದು.

ಈ ಕಷ್ಟ ನಿಮ್ಮೂರಿಗೆ ಮಾತ್ರ ಬಂದದ್ದಲ್ಲ. 2011ರ ಜನಗಣತಿಯ ವೇಳೆಗೇ ಕರ್ನಾಟಕದಲ್ಲಿ 60 ವರ್ಷ ದಾಟಿದವರು ಶೇ 9.5ರಷ್ಟಿದ್ದರು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ತಂದೆಯ ಕಡೆಯ ತಾತ ಅಜ್ಜಿ, ತಾಯಿಯ ಕಡೆಯ ತಾತ ಅಜ್ಜಿ, ಈ ನಾಲ್ವರಿಗೂ ಸೇರಿ ಒಬ್ಬನೋ ಇಬ್ಬರೋ ಮೊಮ್ಮಕ್ಕಳು, ಅವರೂ ರಾತ್ರಿ ಪಾಳಿಯಲ್ಲಿ. ಸೇವೆಯ ಮಾತೊಂದರಿಂದಲೇ ಈ ಲೆಕ್ಕ ಸರಿಹೋಗದು. ಇಬ್ಬರಿಗೂ ಬೇಕಾದ ಕೆಲಸವೊಂದು ನಡುವೆ ಇರಬೇಕು. ನೆದರ್ಲ್ಯಾಂಡಿನ ಡೆವೆಂಟರ್ ಪಟ್ಟಣದ ಹ್ಯುಮಾನಿತಾಸ್ ವೃದ್ಧಾಶ್ರಮದಲ್ಲಿ ವಿದ್ಯಾರ್ಥಿಗಳು ಬಾಡಿಗೆಯಿಲ್ಲದೆ ವಾಸಿಸುತ್ತಾರೆ, ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿ ಹಿರಿಯರೊಡನೆ ಕಳೆಯುತ್ತಾರೆ. ಅಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲವೆಂಬುದೇ ನನಗೆ ಹಿಡಿಸಿದ ಸಂಗತಿ.

ನಿಮ್ಮ ನಡುವೆ ಅಂತಹ ಕೆಲಸ ಈಗಾಗಲೇ ಇದೆ, ಅದು ನಿಮ್ಮ ಕೆರೆ. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆಂದು ಬಂದ ನೀರು, ತೂಬು ಎತ್ತಿ ಗದ್ದೆಗೆ ಬಿಡುವಂತಹುದಲ್ಲ. ಆದರೆ ಮಳೆಯ ನೀರು ಯಾವ ಕಾಲುವೆಯಿಂದ ಕೆರೆಗೆ ಇಳಿಯುತ್ತಿತ್ತು, ಕೋಡಿ ಹರಿದರೆ ಮುಂದೆ ಯಾವ ಕೆರೆ ಸೇರುತ್ತಿತ್ತು, ಆ ದಾರಿಯಲ್ಲಿ ಯಾರ ಬೇಲಿ ಎದ್ದಿದೆ ಎಂಬುದನ್ನು ಒಣಗಿದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ನಿಮ್ಮ ಪೀಳಿಗೆ ನೋಡಿಯೇ ಇಲ್ಲ. ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆಯ ಪ್ರತಿಯನ್ನು ಪಡೆದು, ಹಿರಿಯರನ್ನು ಮುಂದೆ ಬಿಟ್ಟುಕೊಂಡು, ಬಿಸಿಲೇರುವ ಮುನ್ನ ಕಾಲುವೆಯುದ್ದಕ್ಕೂ ನಡೆಯಿರಿ. ಅವರು ತೋರಿಸಿದ್ದನ್ನು ಅವರೇ ಟೀಕಿಸುವ ಮೊಬೈಲಿನಲ್ಲಿ ಗುರುತು ಹಾಕಿ, ನಕ್ಷೆಯೊಡನೆ ಹೋಲಿಸಿ, ಗ್ರಾಮಸಭೆಯ ಮುಂದಿಡಿ. ನಕ್ಷೆಗೂ ನೆನಪಿಗೂ ಹೊಂದದ ಕಡೆ ಜಗಳವಾಗಬಹುದು. ಆಗಲಿ, ಎರಡು ವಾರದಲ್ಲಿ ಮುಗಿಯುವ ಮಾತಂತೂ ಅದಲ್ಲ.

ಇನ್ನೊಂದು ಮಾತನ್ನು ಕೇಳಬೇಕಾಗಿದೆ, ಬೇಸರಪಡಬೇಡಿ. ಆ ಏಳು ಮಂದಿಯಲ್ಲಿ ನೀರಗಂಟಿಯ ಮನೆಯವರಿದ್ದರೇ? ತೂಬು ಎತ್ತಿ, ಅಚ್ಚುಕಟ್ಟಿಗೆ ಸರದಿಯ ಪ್ರಕಾರ ನೀರು ಹಂಚುತ್ತಿದ್ದ ಆ ಕೆಲಸ ಅನೇಕ ಊರುಗಳಲ್ಲಿ ದಲಿತ ಕುಟುಂಬಗಳ ಪಾಲಿನದಾಗಿತ್ತು. ಕೆರೆಯನ್ನು ಬಲ್ಲವರು ಅವರು. ಸನ್ಮಾನದ ಪಟ್ಟಿಯಾದರೋ ಸಾಮಾನ್ಯವಾಗಿ ಅರಳಿಕಟ್ಟೆಯ ಮೇಲೆ ಕೂರುವವರಿಂದಲೇ ತುಂಬುತ್ತದೆ. ಹಾಗೆಯೇ ಹಿರಿಯ ಹೆಂಗಸರು ಕಟ್ಟೆಗೆ ಬರುವುದಿಲ್ಲ. ಅವರನ್ನು ಕಾಣಬೇಕಾದರೆ ಹಾಲು ಹಾಕುವ ಹೊತ್ತಿಗೆ ಡೇರಿಯ ಬಳಿ ನಿಲ್ಲಬೇಕು. ಯಾವ ಬಾವಿಯ ನೀರು ಸಿಹಿಯಿತ್ತೆಂಬುದನ್ನು ಬಿಂದಿಗೆ ಹೊತ್ತವರನ್ನೇ ಕೇಳಬೇಕು.

ನಿಮ್ಮ ಕಡೆಯಿಂದ ಅವರಿಗೆ ಸಲ್ಲಬೇಕಾದದ್ದೂ ಇದೆ. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮಣ್ಣಿನ ಕೆಲಸದಲ್ಲಿ ಬೆರಳಿನ ಗೆರೆ ಸವೆದವರಿಗೆ ಆಧಾರ್ ಯಂತ್ರದ ಮುಂದೆ ಆಗುವ ಅವಮಾನವನ್ನು ಒಮ್ಮೆ ಜೊತೆಗೆ ಹೋಗಿ ನೋಡಿ. ನೆರವಾಗುವಾಗ ಇಬ್ಬರು ಹೋಗಿ, ಯಾರ ಒಟಿಪಿಯನ್ನೂ ಪಿನ್ ಸಂಖ್ಯೆಯನ್ನೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನಗೆ 71 ವರ್ಷ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕೊನೆಗಾಲದಲ್ಲಿ ಜೊತೆಗಿರಲಿ ಎಂದು ಮನೆಯನ್ನು ಮೊಮ್ಮಗನಿಗೆ ದಾನಪತ್ರ ಮಾಡಿಕೊಡಬಹುದೇ?
– ಓದುಗರೊಬ್ಬರು, ಮಾಲೂರು

ಉತ್ತರ: ಮನೆ ನಿಮ್ಮ ಸ್ವಯಾರ್ಜಿತವಾಗಿದ್ದರೆ ಮಾಡಿಕೊಡಬಹುದು, ಆದರೆ ಷರತ್ತನ್ನು ಬಾಯಿಮಾತಿಗೆ ಬಿಡಬೇಡಿ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದೆ ಹೋದರೆ, ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯ ಮೂಲಕ ಪತ್ರವನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದಕ್ಕೆ ಎಡೆ ಕಡಿಮೆ. ಉಚಿತ ಮಾಹಿತಿಗೆ 14567 ಸಹಾಯವಾಣಿಗೆ ಕರೆ ಮಾಡಬಹುದು. ಅದಕ್ಕೂ ಮೊದಲು ಮೊಮ್ಮಗನನ್ನೇ ಕೂರಿಸಿಕೊಂಡು ಕೇಳಿ. ನೀವು ನನಗೆ ಬರೆದ ಕಾಗದದಲ್ಲಿ ಮನೆಯ ಅಳತೆಯೂ ಇದೆ, ಅವನು ಮಾಲೂರಿನಲ್ಲಿ ಇರಲು ಒಪ್ಪಿದ್ದಾನೆಯೇ ಎಂಬುದು ಮಾತ್ರ ಇಲ್ಲ.